ಎಣಿಕೆ ಬಾರದ ಹಕ್ಕಿ

ಹಕ್ಕಿಗೆ ಎಣಿಸಲು ಬರುವುದಿಲ್ಲ. ಇಂದೂಗೆ ಈ ಸಂಗತಿ ತಿಳಿದದ್ದು ಲಗ್ನವಾಗಿ ಎಷ್ಟೋ ವರ್ಷಗಳಾದ ಮೇಲೆ, ಅದೂ ಗಂಡನ ಬಾಯಿಂದ. ಗೂಡಿನ ಎದುರು ಕಟ್ಟಿದ ಮರೆಯೊಳಗೆ ಇಬ್ಬರು ಹೋಗಬೇಕು. ಒಬ್ಬರು ಹೊರಬಿದ್ದು, ಹಕ್ಕಿಗೆ ಕಾಣುವ ಹಾಗೆ ನೆಟ್ಟಗೆ ನಡೆದು ದೂರ ಹೋಗಿಬಿಡಬೇಕು. ಬಂದ ಪೀಡೆ ತೊಲಗಿತು ಎಂದುಕೊಂಡು ಹಕ್ಕಿ ನಿಶ್ಚಿಂತೆಯಿಂದ ಗೂಡಿಗೆ ಮರಳುತ್ತದೆ. ಒಳಗೆ ಉಳಿದವನು ಫೋಟೋ ತೆಗೆಯುತ್ತಾನೆ. ಕೆಲಸವಾದ ಮೇಲೂ ಅವನು ತಾನಾಗಿ ಎದ್ದು ಬರುವಂತಿಲ್ಲ. ಖಾಲಿ ಎಂದು ನಂಬಿದ ಮರೆಯಿಂದ ಮನುಷ್ಯ ಎದ್ದು ಬಂದನೆಂದರೆ ಹಕ್ಕಿ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಹೋದವರೇ ತಿರುಗಿ ಬಂದು ಕರೆದುಕೊಂಡು ಹೋಗಬೇಕು. ಈ ಹೋಗುವ, ಬರುವ ಕೆಲಸ ಇಂದೂಳದು.

ಎಂಥ ಘನವಾದ ಉದ್ಯೋಗ ನೋಡಿ! ಉಳಿದ ಹೆಂಗಸರು ರವಿವಾರ ಗಂಡನ ಜೊತೆ ಸಿನೆಮಾಕ್ಕೆ ಹೋಗುತ್ತಾರೆ, ಸಾರಸಬಾಗಿನ ತೋಟಕ್ಕೆ ಹೋಗಿ ಭೇಳಪುರಿ ತಿನ್ನುತ್ತಾರೆ. ಇಂದೂ ಮಾತ್ರ ಬಿಸಿಲಲ್ಲಿ ನಡೆದುಹೋಗಿ, ಹಕ್ಕಿಯೊಂದಕ್ಕೆ ಮೋಸ ಮಾಡಿ, ಜಾಲಿಯ ಮರದ ಕೆಳಗೆ ಕೂತು ಕಾಯಬೇಕು. ಧಾರವಾಡದ ತಂಗಿ ಒಮ್ಮೆ ಬಂದಾಗ ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಇಂದೂ ಕೂಡ ನಕ್ಕಿದ್ದಳು. ಆಗ ನಗುವುದು ಸಲೀಸಿತ್ತು.

ಅವಳ ಗಂಡ ಪ್ರಲ್ಹಾದ ಹಡಪಸರದ ಒಂದು ಕಾರ್ಖಾನೆಯಲ್ಲಿ ನಕಾಶೆ ಬರೆಯುವವನು. ಮಾತು ಕಡಿಮೆ, ಗುಣ ಒಳ್ಳೆಯದು, ಆದರೆ ಹಕ್ಕಿ ಅಂದರೆ ಸಾಕು, ಊಟದ ಖಬರೂ ಇರುವುದಿಲ್ಲ. ಚಾಳಿನ ಎರಡು ಖೋಲಿಗಳ ಮನೆಯಲ್ಲಿ ಬಚ್ಚಲಿಗೆ ಕರಿ ಅರಿವೆ ಕಟ್ಟಿ ಅಲ್ಲೇ ಫೋಟೋ ತೊಳೆಯುತ್ತಿದ್ದ. ಆ ಹೊತ್ತಿನಲ್ಲಿ ಯಾರಿಗಾದರೂ ಬಚ್ಚಲು ಬೇಕಾಯಿತೋ, ಅವರ ಹಣೆಬರಹ. ಕಾರ್ಖಾನೆಯ ಗೆಳೆಯ ಹೊಳಬಸಪ್ಪ, ಬೆಳಗಾವಿ ಕಡೆಯವನು, ಅವನಿಗೂ ಇದೇ ಹುಚ್ಚು. ಒಂದು ಸಲ ಇಂದೂಳ ಬದಲು ಅವನನ್ನು ಕರೆದುಕೊಂಡು ಹೋಗಿದ್ದುಂಟು. ಆ ಪುಣ್ಯಾತ್ಮ ದೂರ ಹೋಗಿ ಸುಮ್ಮನೆ ಕೂಡುವುದು ಬಿಟ್ಟು, ದಾರಿಹೋಕ ಕುರುಬನನ್ನು ಹಿಡಿದು ದೊಡ್ಡ ದನಿಯಲ್ಲಿ ಹರಟೆಗೆ ನಿಂತನಂತೆ. ಹಕ್ಕಿ ಆ ದಿನ ಗೂಡಿನ ಕಡೆ ಮುಖ ಹಾಕಲಿಲ್ಲ. ಆಮೇಲೆ ಪ್ರಲ್ಹಾದ ಹೆಂಡತಿಯನ್ನು ಬಿಟ್ಟು ಬೇರೆ ಯಾರನ್ನೂ ಕರೆಯಲಿಲ್ಲ.

ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ಅವನ ತಲೆ ಹೊಕ್ಕಿದ್ದು ಟಿಟ್ಟಿಭ. ಮರಾಠಿ ಮಂದಿ ಟಿಟವಿ ಅನ್ನುತ್ತಾರೆ. ಉದ್ದ ಹಳದಿ ಕಾಲಿನ, ಸದಾ ಒದರುವ ಹಕ್ಕಿ. ಬಯಲಲ್ಲಿ ಬೆಣಚುಗಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ, ಕಲ್ಲು ಯಾವುದು ಮೊಟ್ಟೆ ಯಾವುದು ತಿಳಿಯುವುದಿಲ್ಲ. ಬಿಸಿಲು ನೆತ್ತಿಗೇರಿದಾಗ ಮೊಟ್ಟೆ ಬೇಯಬಾರದೆಂದು ಅದು ಕಾಲುವೆಗೆ ಹೋಗಿ, ಹೊಟ್ಟೆಯ ಗರಿ ತೋಯಿಸಿಕೊಂಡು, ಓಡೋಡಿ ಬಂದು ಮೊಟ್ಟೆಗಳ ಮೇಲೆ ಕೂಡುತ್ತದೆ. ನೀರು ತೊಟ್ಟಿಕ್ಕುವ ಆ ಹೊಟ್ಟೆಯ ಫೋಟೋ ಪ್ರಲ್ಹಾದನಿಗೆ ಬೇಕಿತ್ತು. ಮೂರು ಬೇಸಿಗೆ ಹುಡುಕಿದ ಮೇಲೆ ಈ ವರ್ಷ ಕಾಲುವೆಯ ಆಚೆ ಗೂಡು ಸಿಕ್ಕಿತ್ತು. ಇಂದೂ ಹಳೆಯ ಗೋಣಿತಟ್ಟುಗಳನ್ನು ದಬ್ಬಣದಿಂದ ಹೊಲಿದು ಮರೆ ಮಾಡಿಕೊಟ್ಟಿದ್ದಳು. ವಾರವಾರ ಅದನ್ನು ಸ್ವಲ್ಪಸ್ವಲ್ಪ ಮುಂದೆ ಸರಿಸುತ್ತ ಈಗ ಗೂಡಿನ ಹತ್ತಿರ ತಂದು ನಿಲ್ಲಿಸಿದ್ದರು.

ಇಷ್ಟೆಲ್ಲದರ ನಡುವೆ ಇಂದೂಳ ಮೈಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಚಳಿಗಾಲದಲ್ಲಿ ಅವಳ ಎಡ ಎದೆಯನ್ನು ಕೊಯ್ದು ತೆಗೆದಿದ್ದರು. ಗಂಟು ಪೂರಾ ಹೋಯಿತು, ಇನ್ನು ಭಯವಿಲ್ಲ ಎಂದು ಡಾಕ್ಟರರು ಅವಳ ಎದುರಿಗೇ ಅಂದಿದ್ದರು. ಕುಪ್ಪಸದೊಳಗೆ ಅರಿವೆಯ ಗಂಟು ಇಟ್ಟುಕೊಳ್ಳುವುದು ರೂಢಿಯಾಯಿತು. ಎಡಗೈ ಬಾತು ಭಾರವಾಗಿತ್ತು, ಅದೂ ರೂಢಿಯಾಯಿತು. ಆದರೆ ಯುಗಾದಿಯ ಮೇಲೆ ಬೆನ್ನುಮೂಳೆಯಲ್ಲಿ ನೋವು ಶುರುವಾಯಿತು. ರಾತ್ರಿ ಮಗ್ಗುಲು ಬದಲಿಸಿದರೆ ಪ್ರಾಣ ಹೋದಂತಾಗುತ್ತಿತ್ತು.

ಬುಧವಾರ ಇಬ್ಬರೂ ದವಾಖಾನೆಗೆ ಹೋದರು. ಡಾಕ್ಟರರು ಬೆನ್ನಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, ಮಗಳು ಯಾವ ಊರಲ್ಲಿರುತ್ತಾಳೆ ಎಂದು ಕೇಳಿದರು. ಸೊಲ್ಲಾಪುರ ಎಂದು ಇಂದೂ ಹೇಳಿದಳು. ಆಮೇಲೆ ಅವರು ಮರಾಠಿಯಲ್ಲಿ, ತಾಯಿ, ನೀವು ತುಸು ಹೊರಗೆ ಕೂತಿರಿ ಎಂದು ಮೃದುವಾಗಿ ಅಂದರು. ಪ್ರಲ್ಹಾದ ಒಳಗೆ ಉಳಿದ. ಹೊರಗೆ ಬಂದಾಗ ಕನ್ನಡಕ ಒರೆಸುತ್ತಿದ್ದ. ಎಲ್ಲಾ ಛಲೋ ಅದ, ನಿತ್ರಾಣಕ್ಕ ನೋವು ಬಂದದ, ಟಾನಿಕ್ ಕೊಟ್ಟಾರ ಎಂದ. ಬಸ್ಸು ಬಿಟ್ಟು ರಿಕ್ಷಾದಲ್ಲಿ ಅಡಿಯಿಡದ ಗಂಡಸು ಆವತ್ತು ರಿಕ್ಷಾ ಕರೆದ. ದಾರಿಯಲ್ಲಿ ನಿಲ್ಲಿಸಿ ಮಲ್ಲಿಗೆ ಮಾಲೆ ಕೊಂಡ.

ಮಗಳು ಕುಸುಮಾ ಚೊಚ್ಚಲ ಬಸುರಿ, ದೀಪಾವಳಿಯ ಸುಮಾರಿಗೆ ದಿನ ತುಂಬುತ್ತದೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಕರೆದೊಯ್ಯಲು ಯಾವಾಗ ಬರುತ್ತೀರಿ ಎಂದು ಬೀಗರು ಕೇಳಿ ಕಳಿಸಿ ತಿಂಗಳಾಗಿತ್ತು. ಡಾಕ್ಟರರು ಏನನ್ನುತ್ತಾರೋ ನೋಡಿ ತಿಳಿಸೋಣ ಎಂದು ಅವಳೇ ತಡೆದಿದ್ದಳು. ಈಗ ಎಲ್ಲ ಚೆನ್ನಾಗಿದೆ ಅನ್ನುವುದಾದರೆ ಹಾಗೆ ತಿಳಿಸಬೇಕಲ್ಲ? ಬುಧವಾರದಿಂದ ಮೇಲಿಂದ ಮೇಲೆ ಕೇಳಿದಳು. ಪ್ರಲ್ಹಾದ ಒಮ್ಮೆ ನೋಡೂಣು ಅಂದ, ಒಮ್ಮೆ ಅವಸರ ಏನದ ಅಂದ, ಒಮ್ಮೆ ಎದ್ದು ಬಚ್ಚಲಿಗೆ ಹೋಗಿ ಕರಿ ಅರಿವೆ ಎಳೆದುಕೊಂಡ.

ಅವಳಿಗೆ ಬೇಕಾಗಿದ್ದು ಒಂದೇ ಮಾತು. ದೀಪಾವಳಿಗೆ ತಾನು ಇರುತ್ತೇನೋ ಇಲ್ಲವೋ. ಇರುವುದಾದರೆ ಮಗಳನ್ನು ಕರೆಸಬೇಕು, ಬಾಣಂತಿಯ ಅಂಟಿನುಂಡಿಗೆ ಕೊಬ್ಬರಿ ಕೂಡಿಡಬೇಕು, ಮೆತ್ತಗಿನ ಹಳೆಯ ಸೀರೆ ಹರಿದು ಕೂಸಿನ ದುಪ್ಪಟಿ ಹೊಲಿಯಬೇಕು. ಇಲ್ಲದಿದ್ದರೆ ಕರೆಸಲೇಬಾರದು. ತುಂಬು ಬಸುರಿಯನ್ನು ಮನೆಗೆ ತಂದು, ಅವಳ ಕಣ್ಣೆದುರು ತಾನು ಹೆಣವಾಗುವುದೇ? ಅದಕ್ಕಿಂತ ಪಾಪ ಬೇರೆ ಇದೆಯೇ? ಹಾಗಂತ ಗಂಡನ ಎದುರು ಬಾಯಿಬಿಟ್ಟು ಹೇಳಲಾಗಲಿಲ್ಲ.

ರವಿವಾರ ಊಟವಾದ ಮೇಲೆ ಪ್ರಲ್ಹಾದ ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿಕೊಂಡು, ಹೋಗೂಣು ಅಂದ. ಇಂದೂಗೆ ಮೈಯೆಲ್ಲ ಉರಿದುಹೋಯಿತು. ಬೆನ್ನು ಹಿಡಿದುಕೊಂಡು ಕೂತಿರುವ ಹೆಂಡತಿ ಕಾಣುವುದಿಲ್ಲ, ಟಿಟ್ಟಿಭದ ಹೊಟ್ಟೆ ಕಾಣುತ್ತದೆ ಇವನಿಗೆ. ಇವತ್ತ ಬ್ಯಾಡ್ರಿ ಅಂದಳು. ಅವನು ಹೋಗಲೇಬೇಕು ಅಂದ, ಅಂಗಲಾಚಿದಂತೆ ಅಂದ. ಸಿಟ್ಟಿನಲ್ಲೇ ಸೀರೆ ಸರಿಮಾಡಿಕೊಂಡು ಎದ್ದಳು. ದೌಂಡ ಕಡೆಗೆ ಹೋಗುವ ಎಸ್.ಟಿ. ಬಸ್ಸು ಹಿಡಿದು, ಕಾಲುವೆಯ ಹತ್ತಿರ ಇಳಿದು ನಡೆದರು. ಪಕ್ಷಿಪ್ರೇಮಿಗಳ ಸಂಘದವರು ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟು ಗುರುತು ಮಾಡಿದ ಕಾಲುಹಾದಿ ಅದು. ಚಳಿಗಾಲದಲ್ಲಿ ಮಂದಿ ದುರ್ಬೀನು ಹಿಡಿದು ಬರುತ್ತಾರೆ. ಮೇ ತಿಂಗಳ ಮಧ್ಯಾಹ್ನ ಅಲ್ಲಿ ನಾಯಿಯೂ ಇರಲಿಲ್ಲ.

ದಾರಿಯುದ್ದಕ್ಕೂ ಇಂದೂ ಮಾತು ತೆಗೆಯಲು ನೋಡಿದಳು. ಅವನು ಮುಂದೆ ಮುಂದೆ ನಡೆದ. ಬಯಲಿಗೆ ಬಂದದ್ದೇ ಟಿಟ್ಟಿಭಗಳೆರಡೂ ತಲೆಯ ಮೇಲೆ ಹಾರಾಡಿ ಒದರತೊಡಗಿದವು. ಇಬ್ಬರೂ ಬಗ್ಗಿ ಮರೆಯೊಳಗೆ ಸೇರಿಕೊಂಡರು. ಗೋಣಿತಟ್ಟಿನ ಆ ಇಕ್ಕಟ್ಟಿನಲ್ಲಿ ಮೊಳಕಾಲಿಗೆ ಮೊಳಕಾಲು ತಾಕುತ್ತಿತ್ತು. ಮನೆಯಲ್ಲಿ ಕೂಡ ಅವರು ಅಷ್ಟು ಹತ್ತಿರ ಕೂತು ಎಷ್ಟೋ ದಿನವಾಗಿತ್ತು. ಅವನು ಚೀಲವನ್ನು ಮರೆಯ ಬಿದಿರ ಗಳಕ್ಕೆ ನೇತುಹಾಕಿದ.

"ಡಾಕ್ಟರು ಖರೇ ಏನಂದ್ರು, ಹೇಳ್ರಿ," ಎಂದಳು ಪಿಸುದನಿಯಲ್ಲಿ.

ಅವನು ತುಟಿಯ ಮೇಲೆ ಬೆರಳಿಟ್ಟು, ಕಿಂಡಿಯಿಂದ ಹೊರಗೆ ತೋರಿಸಿದ. ಹಕ್ಕಿ ಆಗಲೇ ನೆಲಕ್ಕಿಳಿದು, ತಲೆ ಎತ್ತಿ ಇತ್ತಲೇ ನೋಡುತ್ತಿತ್ತು. ಹೋಗು ಎಂದು ಕೈಸನ್ನೆ ಮಾಡಿದ. ಇಂದೂ ಎದ್ದು ಹೊರಬಂದಳು. ಬೇಕೆಂದೇ ಬಳೆ ಸಪ್ಪಳವಾಗುವಂತೆ ಕೈಬೀಸುತ್ತ, ಹಿಂದೆ ತಿರುಗಿ ನೋಡದೆ, ಬಯಲು ದಾಟಿ ಹೋದಳು. ಹಿಂದೆ ತಿರುಗಿ ನೋಡಬಾರದು, ಅದೂ ಕಸುಬಿನ ರೀತಿಯೇ.

ಜಾಲಿಯ ಮರದ ಕೆಳಗೆ ನೆರಳು ಅನ್ನುವಂಥದ್ದೇನೂ ಇರಲಿಲ್ಲ. ಕಾಲುವೆಯಲ್ಲಿ ನೀರು ತಳ ಸೇರಿತ್ತು. ಒಂದು ಟಿಟ್ಟಿಭ ಅಂಚಿಗೆ ಬಂದು, ಕಾಲು ಮಡಚಿ, ಕೆಸರುನೀರಿನಲ್ಲಿ ಹೊಟ್ಟೆಯನ್ನು ಅತ್ತ ಇತ್ತ ಉಜ್ಜಿತು. ಬಂದವರು ಹೋಗಿಬಿಟ್ಟರೆಂದು ಎಷ್ಟು ನಂಬಿಕೆ ಅದಕ್ಕೆ! ಇಂದೂ ಅದನ್ನೇ ನೋಡುತ್ತ ಕೂತಳು. ಎಲಾ ಬುದ್ಧಿಗೇಡಿ, ಇಬ್ಬರು ಹೋಗಿ ಒಬ್ಬಳು ಬಂದರೆ ಇನ್ನೊಬ್ಬ ಎಲ್ಲಿ ಎಂದು ಕೇಳಬಾರದೇ ಎಂದು ಬೈದುಕೊಂಡಳು. ಬುಧವಾರ ಡಾಕ್ಟರರ ಖೋಲಿಗೆ ಹೋದವರೂ ಇಬ್ಬರೇ. ಹೊರಗೆ ಬಂದು ಬೆಂಚಿನ ಮೇಲೆ ಕೂತವಳು ಒಬ್ಬಳು. ಒಳಗೆ ಉಳಿದವರು ಏನು ಮಾತಾಡಿಕೊಂಡರು ಎಂದು ಅವಳು ಯಾಕೆ ಜಗ್ಗಿ ಕೇಳಲಿಲ್ಲ? ಟಾನಿಕ್ಕಿನ ಬಾಟಲಿ ಕೈಗೆ ಕೊಟ್ಟರೆ ಹಿಡಿದುಕೊಂಡು ಬಂದುಬಿಟ್ಟಳಲ್ಲ!

ಇನ್ನು ಕಾಯಲು ಆಗಲಿಲ್ಲ. ಮನೆಯಲ್ಲಿ ಕೇಳಿದರೆ ಬಚ್ಚಲು ಸೇರುತ್ತಾನೆ, ಬಸ್ಸಿನಲ್ಲಿ ಕೇಳಿದರೆ ಮಂದಿ ಇದ್ದಾರೆ ಅನ್ನುತ್ತಾನೆ. ಮರೆಯೊಳಗಾದರೆ ಎಲ್ಲಿಗೆ ಹೋಗುತ್ತಾನೆ? ಎದ್ದರೆ ಹಕ್ಕಿ ಹಾರಿಹೋಗುತ್ತದೆ, ಕೂತರೆ ಉತ್ತರ ಕೊಡಬೇಕು. ಅಲ್ಲೇ ಹಿಡಿಯಬೇಕು ಇವನನ್ನು. ಇವತ್ತು ಹಕ್ಕಿಯ ಮಾತು ಹಾಳಾಗಿಹೋಗಲಿ ಎಂದುಕೊಂಡು ಎದ್ದಳು.

ಆದರೂ ಇಷ್ಟು ದಿನದ ರೂಢಿ ಬಿಡಬೇಕಲ್ಲ. ಬಯಲಿನಲ್ಲಿ ಅಡ್ಡ ಹೋಗದೆ, ಮರೆಯ ಬೆನ್ನಿಗಿದ್ದ ಒಣಹಳ್ಳಕ್ಕೆ ಇಳಿದು ಬಗ್ಗಿಕೊಂಡು ನಡೆದಳು. ಬೆನ್ನು ಕತ್ತರಿಸುತ್ತಿತ್ತು. ಬಾತ ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಬಲಗೈ ಊರಿ ದಂಡೆ ಹತ್ತಿದಳು. ಮರೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸುಧಾರಿಸಿಕೊಂಡಳು. ಗೋಣಿತಟ್ಟಿನ ಎರಡು ಅಂಚು ಕೂಡುವಲ್ಲಿ ದಬ್ಬಣದ ಹೊಲಿಗೆ ಸಡಿಲಾಗಿದ್ದುದು ಅವಳಿಗೆ ಗೊತ್ತಿತ್ತು, ತಾನೇ ಹೊಲಿದದ್ದಲ್ಲವೇ. ಅಲ್ಲಿ ಕಣ್ಣಿಟ್ಟಳು.

ಮೊದಲು ಕಂಡದ್ದು ಗಂಡನ ಬೆನ್ನು, ಅವನಾಚೆ ಕಿಂಡಿ, ಕಿಂಡಿಯಾಚೆ ಹಕ್ಕಿ. ಟಿಟ್ಟಿಭ ಓಡುತ್ತ ಬಂದು ಗೂಡಿನ ಮೇಲೆ ನಿಂತಿತ್ತು. ಹೊಟ್ಟೆಯ ಗರಿಗಳಿಂದ ನೀರು ಹನಿಹನಿಯಾಗಿ ಮೊಟ್ಟೆಗಳ ಮೇಲೆ ಬೀಳುತ್ತಿತ್ತು. ಪ್ರತಿ ಹನಿಗೂ ಬಿಸಿಲು ತಾಕಿ ಹೊಳೆಯುತ್ತಿತ್ತು. ಈ ಫೋಟೋಕ್ಕಾಗಿಯೇ ಇಷ್ಟು ಬೇಸಿಗೆ ಅಲೆದದ್ದು. ಖಟ್ ಎನ್ನುವ ಸಪ್ಪಳಕ್ಕಾಗಿ ಇಂದೂ ಉಸಿರು ಹಿಡಿದು ಕಾದಳು. ಸಪ್ಪಳವಾಗಲಿಲ್ಲ. ಹಕ್ಕಿ ಗರಿ ಹರಡಿ, ಸಾವಕಾಶ ಮೊಟ್ಟೆಗಳ ಮೇಲೆ ಕೂತಿತು. ಆಗಲೂ ಸಪ್ಪಳವಾಗಲಿಲ್ಲ. ಇವನಿಗೇನು ನಿದ್ದೆ ಹತ್ತಿತೇ ಎಂದುಕೊಂಡಳು.

ಆಮೇಲೆ ಗಳ ಕಂಡಿತು. ಕ್ಯಾಮೆರಾದ ಚೀಲ ಅಲ್ಲೇ ತೂಗುತ್ತಿತ್ತು, ಗುಂಡಿಯನ್ನೂ ಬಿಚ್ಚಿರಲಿಲ್ಲ.

ಪ್ರಲ್ಹಾದ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದ. ದನಿ ಹೊರಗೆ ಬರಬಾರದೆಂದು ತುರುಕಿಕೊಂಡಿದ್ದ, ಹಕ್ಕಿಗೂ ಕೇಳದ ಹಾಗೆ. ಬೆನ್ನು ಮಾತ್ರ ಅಲುಗುತ್ತಿತ್ತು. ಉಸಿರಿಗಾಗಿ ಒಮ್ಮೆ ವಲ್ಲಿ ತೆಗೆದಾಗ ಮಾತು ಹೊರಬಿತ್ತು.

"ನಾ ಹ್ಯಾಂಗ ಇರಲೇ, ಇಂದೂ... ನೀ ಹೋದ ಮ್ಯಾಲೆ ನಾ ಹ್ಯಾಂಗ ಇರಲೇ..."

ಕೇಳಬೇಕೆಂದು ಬಂದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿಹೋಗಿತ್ತು. ಇನ್ನು ಕೇಳುವುದು ಏನೂ ಉಳಿಯಲಿಲ್ಲ.

ಗಂಡನ ಮೇಲೆ ಕನಿಕರ ಬಂತೆಂದರೆ ಸುಳ್ಳು. ಕನಿಕರ ಆಮೇಲೆ ಬಂತು. ಮೊದಲು ಬಂದದ್ದು ಹೆದರಿಕೆ. ಅವಳಿಗೆ ಬದುಕಬೇಕಾಗಿತ್ತು. ಬಾಣಂತಿಗೆ ಎಣ್ಣೆನೀರು ಎರೆದು, ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಬೇಕಾಗಿತ್ತು. ಹಾಳು ಬೆನ್ನುನೋವಿನೊಂದಿಗೇ ಆದರೂ ಸರಿ, ಇನ್ನೊಂದಿಷ್ಟು ವರ್ಷ ಇರಬೇಕಾಗಿತ್ತು. ಯಾರ ಮುಂದೆ ಹೇಳುವುದು? ಹೇಳಬೇಕಾದವನು ಗೋಣಿತಟ್ಟಿನ ಆಚೆಗೆ ಅವಳಿಗಿಂತ ಮೊದಲೇ ಅಳುತ್ತ ಕೂತಿದ್ದ.

ಕೈ ಚಾಚಿ ಆ ಬೆನ್ನು ಮುಟ್ಟಬೇಕೆಂದು ಬೆರಳನ್ನು ಹೊಲಿಗೆಯ ತನಕ ಒಯ್ದಳು. ಒಯ್ದು ಹಿಂದೆ ತೆಗೆದುಕೊಂಡಳು. ಬಚ್ಚಲಿನಲ್ಲಿ ಅತ್ತರೆ ಚಾಳಿಗೆಲ್ಲ ಕೇಳುತ್ತದೆ, ಕಾರ್ಖಾನೆಯಲ್ಲಿ ಅಳುವಂತಿಲ್ಲ. ಬುಧವಾರದಿಂದ ಈ ಮನುಷ್ಯ ಇದನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದನೋ. ಹೋಗಲೇಬೇಕು ಎಂದು ಅಂಗಲಾಚಿದ್ದು ಇದಕ್ಕೇ. ಈ ಒಂದು ಜಾಗವಾದರೂ ಅವನಿಗಿರಲಿ. ಇಂದೂ ಕುಂಡಿಯ ಮೇಲೆ ಜಾರುತ್ತ ಮತ್ತೆ ಹಳ್ಳಕ್ಕಿಳಿದಳು.

ಜಾಲಿಯ ಮರ ಮುಟ್ಟಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಅವಳೂ ಅತ್ತಳು. ಆ ಬಯಲಿನಲ್ಲಿ ಗಂಡ ಅತ್ತ, ಹೆಂಡತಿ ಇತ್ತ, ನಡುವೆ ಹಕ್ಕಿ ತನ್ನ ಮೊಟ್ಟೆ ತಣ್ಣಗೆ ಮಾಡುತ್ತ ಕೂತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಕಾಲುವೆಯ ನೀರಿನಲ್ಲಿ ಮುಖ ತೊಳೆದು, ಕುಂಕುಮ ಸರಿಮಾಡಿಕೊಂಡು, ಯಾವಾಗಿನ ಹಾಗೆ ನೆಟ್ಟಗೆ ಬಯಲಿನಲ್ಲಿ ಅಡ್ಡ ಹೊರಟಳು. ಪ್ರತಿ ಸಲ ಬರುವಾಗ ಒಂದು ದೇವರ ಪದ ದೊಡ್ಡದಾಗಿ ಗುನುಗುತ್ತ ಬರುವುದು ಅವಳ ರೂಢಿ, ಒಳಗಿರುವವನಿಗೆ ಸೂಚನೆ. ಇವತ್ತು ಪದ ಹಾಡಲಿಲ್ಲ. ಬಳೆ ಬಡಿಯುತ್ತ, ಕೆಮ್ಮುತ್ತ ಬಂದಳು. ಟಿಟ್ಟಿಭ ಒದರಿ ಎದ್ದುಹೋಯಿತು.

ಪ್ರಲ್ಹಾದ ಹೊರಬಂದ. ಕುಡಿಯಲು ತಂದ ನೀರಿನಲ್ಲಿ ಮುಖ ತೊಳೆದುಕೊಂಡಿದ್ದ. ಒಳಗ ಭಾಳ ಧಗಿ, ಕಣ್ಣೆಲ್ಲಾ ಉರಿ ಎದ್ದಾವ ಎಂದು ಅವಳು ಕೇಳುವ ಮೊದಲೇ ಹೇಳಿದ.

"ಸಿಕ್ಕಿತೇನ್ರಿ?" ಎಂದಳು ಇಂದೂ.

"ಸಿಕ್ಕತು. ಭಾಳ ಛಲೋ ಸಿಕ್ಕತು."

ಸುಣ್ಣದ ಕಲ್ಲುಗಳ ಹಾದಿ ಹಿಡಿದು ಇಬ್ಬರೂ ರಸ್ತೆಯ ಕಡೆಗೆ ನಡೆದರು. ಈ ಸಲ ಅವನು ಮುಂದೆ ಓಡಲಿಲ್ಲ. ಅವಳ ಪಕ್ಕದಲ್ಲೇ, ಅವಳ ನಡಿಗೆಗೆ ತನ್ನ ನಡಿಗೆ ಕೂಡಿಸಿಕೊಂಡು ಬಂದ.

"ಕುಸುಮಾನ ಕರಸೂಣು, ಇಂದೂ. ಬೀಗರಿಗೆ ತಿಳಿಸಿಬಿಡು. ಶ್ರಾವಣದಾಗ ನಾನ ಹೋಗಿ ಕರಕೊಂಡ ಬರತೀನಿ."

ಇಷ್ಟು ದಿನ ಕಿವಿ ತೆರೆದು ಕಾದದ್ದು ಇದೇ ಮಾತಿಗೆ. ಬೆಳಿಗ್ಗೆ ಹೇಳಿದ್ದರೆ ಕುಣಿದಾಡುತ್ತಿದ್ದಳು. ಪಾಪ, ಎಷ್ಟು ಹೊತ್ತು ಕೂತು, ಎಷ್ಟು ಧೈರ್ಯ ಕೂಡಿಸಿಕೊಂಡು ಈ ಸುಳ್ಳನ್ನು ಹೊಂದಿಸಿ ತಂದಿದ್ದನೋ! ಇಂದೂ ಅವನ ಮುಖ ನೋಡಲಿಲ್ಲ. ಮಗಳ ಬಾಣಂತನ ಅತ್ತೆಮನೆಯಲ್ಲೇ ಆಗಲಿ ಎಂದು ನಾಳೆಯೇ ತಿಳಿಸಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಇವನಿಗೆ ಅದನ್ನು ಹೇಗೆ ಹೇಳುವುದು, ಯಾವ ಬಾಯಿಂದ ಹೇಳುವುದು ಎಂದು ಯೋಚಿಸುತ್ತ ನಡೆದಳು. ಕಾಲುವೆ ಹಿಂದೆ ಬಿತ್ತು. ರಸ್ತೆಯ ಮೇಲೆ ಲಾರಿಗಳು ಕಾಣಿಸತೊಡಗಿದವು.

"ಮುಂದಿನ ರವಿವಾರ ಹೊಳಬಸಪ್ಪನ್ನ ಕರಕೊಂಡ ಬಂದು ಈ ಹಾದಿ ತೋರಿಸಿ ಇಡ್ರಿ," ಎಂದಳು.

"ಅವನ್ಯಾಕ? ಅವ ಸುಮ್ಮ ಕೂಡೂ ಪೈಕಿ ಅಲ್ಲ. ನೀ ಇದ್ದೀಯಲ್ಲ."

"ಕಲಿಸಿರಿ, ಕಲೀತಾನ. ನೀವು ಒಬ್ಬರ ಬಂದು ಒಳಗ ಕೂತ್ರ ಹಕ್ಕಿ ಬರೂದಿಲ್ರಿ."

ಪ್ರಲ್ಹಾದ ನಿಂತುಬಿಟ್ಟ. ಹೆಂಡತಿಯ ಸೀರೆಯನ್ನು ನೋಡಿದ. ಸೆರಗಿನಿಂದ ನೆರಿಗೆಯ ತನಕ ಹಳ್ಳದ ಕೆಮ್ಮಣ್ಣು ಹತ್ತಿತ್ತು, ಮೊಳಕಾಲಿನ ಹತ್ತಿರ ಗೋಣಿತಟ್ಟಿನ ನಾರು ಅಂಟಿಕೊಂಡಿತ್ತು. ಜಾಲಿಯ ಮರದ ಕೆಳಗೆ ಕೂತವರಿಗೆ ಆ ಕೆಮ್ಮಣ್ಣು ಹತ್ತುವುದಿಲ್ಲ, ಅದಿರುವುದು ಮರೆಯ ಹಿಂದಿನ ಹಳ್ಳದಲ್ಲೇ. ಹಾದಿಬದಿಯ ಸುಣ್ಣದ ಕಲ್ಲಿನ ಮೇಲೆ ಅವನು ಕುಸಿದು ಕೂತ. ಚೀಲ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಹಡಪಸರದ ಕಡೆಯ ಎಸ್.ಟಿ. ಬಂತು, ಯಾರೂ ಕೈ ಮಾಡದ್ದನ್ನು ನೋಡಿ ನಿಲ್ಲದೆ ಹೋಯಿತು. ಇಂದೂ ಬಗ್ಗಲಾರದೆ ಬಗ್ಗಿ, ಚೀಲ ಎತ್ತಿ ಧೂಳು ಝಾಡಿಸಿ, ಅವನ ಪಕ್ಕದಲ್ಲಿ ನಿಂತಳು.